ಬಟನ್ ಅಲ್ಲ, ಬಟನ್ನಿನ ಫೋಟೋ: ನಕ್ಷೆಗೂ ಲೆಕ್ಕದ ಪುಸ್ತಕಕ್ಕೂ ಗಂಟು ಬಿದ್ದ ಕಥೆ

ಇವತ್ತಿನ ಎಪಿಸೋಡ್ ಒಂದು ಸಣ್ಣ ಬಟನ್ ಬಗ್ಗೆ. ಫೋನಿನ ನಕ್ಷೆಯಲ್ಲಿ ಪಿನ್ ಮುಟ್ಟಿದ್ರೆ ಒಂದು ಪಾಪ್‌ಅಪ್ ಏಳ್ತದಲ್ಲ, ಅದರೊಳಗಿನ ಬಟನ್. ಬಟನ್ನಿಗೆ ಎಂತ ಇತಿಹಾಸ ಮಾರಾಯಾ ಅಂತ ಕೇಳ್ಬೇಡಿ. ಇನ್ನೂರು ವರ್ಷ ಹಿಂದೆ ಹೋಗ್ಲಿಕ್ಕಿದೆ.

ಮೊದಲು ನನ್ನ ಗೆಳೆಯನ ಕಥೆ. ಅವ ಬ್ರಹ್ಮಾವರದವ. ನಮ್ಮ ಕಡೆ ತೆಂಗಿನಕಾಯಿ ಕೀಳುವವರು ಸಿಗುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತುಂಟು. ಯಾರು ಎಲ್ಲಿದ್ದಾರೆ ಅಂತ ನಕ್ಷೆಯಲ್ಲಿ ತೋರಿಸುವ ಒಂದು ಆಂಡ್ರಾಯ್ಡ್ ಆಪ್ ಮಾಡ್ದ. ಪಿನ್ ಮುಟ್ಟಿದ್ರೆ ಹೆಸರು, ಊರು, ಕೆಳಗೆ ಹಸಿರು ಬಣ್ಣದ ‘ಕರೆ ಮಾಡಿ’ ಬಟನ್. ನೋಡ್ಲಿಕ್ಕೆ ಚಂದ ಇತ್ತು. ಒತ್ತಿದ್ರೆ ಎಂತದೂ ಆಗ್ಲಿಲ್ಲ. ನಾಲ್ಕು ಸಲ ಒತ್ತಿದ್ರೂ ಇಲ್ಲ.

ರಾತ್ರಿ ಎರಡು ಗಂಟೆಯವರೆಗೆ ಕೂತು ಓದಿದ ಮೇಲೆ ಕಾರಣ ಸಿಕ್ಕಿತು. ಗೂಗಲ್ ಆಂಡ್ರಾಯ್ಡ್‌ಗೆ ಕೊಡುವ ನಕ್ಷೆಯ ಕಿಟ್‌ನಲ್ಲಿ ಈ ಪಾಪ್‌ಅಪ್‌ಗೆ ಇನ್ಫೋ ವಿಂಡೋ ಅಂತ ಹೆಸರು. ನಾವು ಅದರಲ್ಲಿ ಬಟನ್ ಇಟ್ಟು ಕೊಟ್ಟರೆ, ಕಿಟ್ ಅದರದ್ದೊಂದು ಚಿತ್ರ ತೆಗೆದು ನಕ್ಷೆಯ ಮೇಲೆ ಅಂಟಿಸುತ್ತದೆ. ಅಂದ್ರೆ ಪರದೆ ಮೇಲೆ ಇದ್ದದ್ದು ಬಟನ್ ಅಲ್ಲ, ಬಟನ್ನಿನ ಫೋಟೋ! ಎಲ್ಲಿ ಮುಟ್ಟಿದ್ರೂ ಆಪ್‌ಗೆ ಹೋಗುವ ಸುದ್ದಿ ಒಂದೇ: ‘ಕಿಟಕಿಯನ್ನು ಯಾರೋ ಮುಟ್ಟಿದ್ರು’.

ಅವ ನಕ್ಕ. ನನಗೆ ಮಾತ್ರ ಬೈಂದೂರು ಹತ್ತಿರದ ಅಮ್ಮಮ್ಮನ ಗದ್ದೆ ನೆನಪಾಯಿತು. ಯಾಕೆ ಅಂತ ಆಮೇಲೆ ಹೇಳ್ತೇನೆ.

ನಾನು ಬಿಕಾಂ ಓದಿದವ. ನನಗೆ ನಕ್ಷೆಗಿಂತ ಮೊದಲು ಅರ್ಥ ಆಗುವುದು ಲೆಡ್ಜರ್. ನಮ್ಮ ಕರಾವಳಿಯ ಜಮೀನಿನ ಕಥೆ ಶುರುವಾಗುವುದೂ ಲೆಡ್ಜರಿನಿಂದಲೇ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಅವನ ಹತ್ತಿರ ಹೊಲಗಳ ನಕ್ಷೆ ಇರಲಿಲ್ಲ, ಇದ್ದದ್ದು ಹಳೆಯ ಲೆಕ್ಕದ ಪುಸ್ತಕಗಳು. ಕಂದಾಯ ನಿಗದಿ ಮಾಡಿದ್ದು ಅವುಗಳ ಮೇಲೆ. ನಮ್ಮಲ್ಲಿ ‘ವರ್ಗ’ ಅಂತ ಹೇಳ್ತಾರಲ್ಲ, ವರ್ಗದ ಜಾಗ, ವರ್ಗದಾರ, ಆ ಶಬ್ದವೇ ಲೆಕ್ಕದಿಂದ ಬಂದದ್ದು. ಒಬ್ಬನ ಹೆಸರಿನ ಖಾತೆ ಒಂದು ವರ್ಗ. ಅದರ ಗದ್ದೆಗಳು ಒಂದೇ ಕಡೆ ಇರಬೇಕಂತ ಇಲ್ಲ, ಅಲ್ಲೊಂದು ಇಲ್ಲೊಂದು ಇರಬಹುದು. ಪುಸ್ತಕದಲ್ಲಿ ಮಾತ್ರ ಎಲ್ಲ ಒಟ್ಟಿಗೆ.

ಹೊಲ ಹೊಲ ಅಳೆದು ನಕ್ಷೆ ಮಾಡುವ ಕೆಲಸ ನಡೆದದ್ದು 19ನೇ ಶತಮಾನದ ಕೊನೆಯ ವರ್ಷಗಳಲ್ಲಿ. ಆಗ ನಾವು ಮದ್ರಾಸ್ ಪ್ರೆಸಿಡೆನ್ಸಿ. ಅದಕ್ಕೇ ಉಡುಪಿ, ದಕ್ಷಿಣ ಕನ್ನಡದವರು ಇವತ್ತಿಗೂ ಎಫ್‌ಎಂಬಿ ನಕ್ಷೆ ಅಂತ ಹೇಳುವುದು. ಫೀಲ್ಡ್ ಮೆಜರ್‌ಮೆಂಟ್ ಬುಕ್, ಮದ್ರಾಸ್ ಪದ್ಧತಿಯದ್ದು. ಗದ್ದೆಗೆ ಸರ್ವೆ ನಂಬರ್ ಬಂತು. ಆದ್ರೆ ನಕ್ಷೆ ಒಂದು ಕಡೆ, ಹೆಸರು ಇರುವ ಪುಸ್ತಕ ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೆ ನೋಡಬೇಕಾದ್ರೆ ಕಚೇರಿಗೆ ಹೋಗಬೇಕು, ಓದಲು ಬರಬೇಕು, ಇಲ್ಲಾ ಓದಿ ಹೇಳುವವರು ಬೇಕು.

ನಮ್ಮ ಅಜ್ಜನಿಗೆ ಎರಡೂ ಇರಲಿಲ್ಲ. ಅವರು ಚಾಲಗೇಣಿ ಒಕ್ಕಲು. ವರ್ಷ ವರ್ಷ ಧಣಿಗಳಿಗೆ ಮುಡಿ ಅಕ್ಕಿ ಅಳೆಯುವುದು. ಗದ್ದೆಯ ಒಂದೊಂದು ಅಂಚೂ ಅವರಿಗೆ ಗೊತ್ತು, ಪುಸ್ತಕದಲ್ಲಿ ಅವರ ಹೆಸರಿಲ್ಲ. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಫಾರ್ಮ್ ನಂಬರ್ 7 ತುಂಬಿದ ಒಕ್ಕಲುಗಳಿಗೆ ಭೂಮಿ. ನಮ್ಮ ಕಡೆ ಅದಕ್ಕೆ ‘ಡಿಕ್ಲರೇಶನ್ ಹಾಕಿದ್ದು’ ಅಂತ ಹೇಳ್ತಾರೆ. ಅಜ್ಜ ಹಾಕಿದ್ರು, ಜಾಗ ಸಿಕ್ಕಿತು, ಮೊದಲ ಸಲ ಪುಸ್ತಕಕ್ಕೆ ಹೆಸರು ಹತ್ತಿತು.

2000ದ ಸುಮಾರಿಗೆ ಆ ಪುಸ್ತಕ ಕಂಪ್ಯೂಟರಿಗೆ ಹೋಯಿತು. ಕರ್ನಾಟಕದ ‘ಭೂಮಿ’ ಯೋಜನೆ: ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು. ಆದ್ರೆ ಅದು ಲೆಡ್ಜರ್ ಮಾತ್ರ, ನಕ್ಷೆ ಅಲ್ಲ.

ಅತ್ತ ಅಮೆರಿಕದಲ್ಲಿ ಉಲ್ಟಾ. 2005ರ ಫೆಬ್ರವರಿಯಲ್ಲಿ ಗೂಗಲ್ ಮ್ಯಾಪ್ಸ್ ಶುರುವಾಯಿತು: ನಕ್ಷೆ ಇದೆ, ನಮ್ಮ ಪಟ್ಟಿ ಇಲ್ಲ. ಪೌಲ್ ರೇಡ್‌ಮೇಕರ್ ಎಂಬ ಪ್ರೋಗ್ರಾಮರ್ ಕ್ರೇಗ್ಸ್‌ಲಿಸ್ಟ್‌ನ ಬಾಡಿಗೆ ಮನೆಗಳ ಪಟ್ಟಿಯನ್ನು ಅದೇ ವರ್ಷ ಆ ನಕ್ಷೆಯ ಮೇಲೆ ಕೂರಿಸಿ ಹೌಸಿಂಗ್‌ಮ್ಯಾಪ್ಸ್ ಮಾಡ್ದ. ಪಿನ್ ಒತ್ತು, ಪಾಪ್‌ಅಪ್ ನೋಡು, ಲಿಂಕ್ ಒತ್ತು, ಮನೆಯ ವಿವರಕ್ಕೆ ಹೋಗು. ಬ್ರೌಸರ್‌ನಲ್ಲಿ ಪಾಪ್‌ಅಪ್ ಅಂದ್ರೆ ವೆಬ್‌ಪೇಜಿನ ತುಂಡು, ಹಾಗಾಗಿ ಲಿಂಕ್ ಕೆಲಸ ಮಾಡ್ತಿತ್ತು. ಜೂನ್‌ನಲ್ಲಿ ಗೂಗಲ್ ತನ್ನ ನಕ್ಷೆಯನ್ನು ಎಲ್ಲ ಡೆವಲಪರ್‌ಗಳಿಗೂ ತೆರೆದಿಟ್ಟಿತು.

ಫೋನಿಗೆ ಬಂದಾಗ ದಾರಿ ಬೇರೆಯಾಯಿತು. 2009ರಲ್ಲಿ ಆ್ಯಪಲ್ ಡೆವಲಪರ್‌ಗಳಿಗೆ ಕೊಟ್ಟ ಮ್ಯಾಪ್‌ಕಿಟ್‌ನಲ್ಲಿ ಪಾಪ್‌ಅಪ್‌ನ ಎಡಕ್ಕೆ, ಬಲಕ್ಕೆ ನಿಜವಾದ ಬಟನ್ನಿಗೆ ಜಾಗ ಇತ್ತು. 2012ರ ಡಿಸೆಂಬರ್‌ನಲ್ಲಿ ಬಂದ ಗೂಗಲ್‌ನ ಎರಡನೇ ಆವೃತ್ತಿಯ ಆಂಡ್ರಾಯ್ಡ್ ಕಿಟ್‌ನಲ್ಲಿ ಪಾಪ್‌ಅಪ್ ಚಿತ್ರವಾಯಿತು. ನನ್ನ ಗೆಳೆಯ ಸಿಕ್ಕಿಬಿದ್ದದ್ದು ಇಲ್ಲೇ.

ಈಗ ವಾಪಸ್ ಊರಿಗೆ. 2018ರಲ್ಲಿ ನಮ್ಮಲ್ಲಿ ಎರಡು ಸಂಗತಿ ಆಯಿತು. ಕುಂದಾಪುರದಿಂದ ಬೈಂದೂರು, ಉಡುಪಿಯಿಂದ ಬ್ರಹ್ಮಾವರ ಪ್ರತ್ಯೇಕ ತಾಲೂಕುಗಳಾದವು. ಅದೇ ವರ್ಷ ‘ದಿಶಾಂಕ್’ ಆಪ್ ಬಂತು. ರಾಜ್ಯದ ದೂರಸಂವೇದಿ ಸಂಸ್ಥೆ, ಕೆಎಸ್‌ಆರ್‌ಎಸ್‌ಎಸಿ, ಮಾಡಿದ್ದು. ಗದ್ದೆಯಲ್ಲಿ ನಿಂತು ನಕ್ಷೆ ಮುಟ್ಟಿದ್ರೆ ಪಾಪ್‌ಅಪ್‌ನಲ್ಲಿ ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಬರುತ್ತದೆ. ಕೆಳಗೆ ಹೆಚ್ಚಿನ ವಿವರಕ್ಕೆ ಒಂದು ಬಟನ್. ಅದನ್ನು ಒತ್ತಿ, ಹಿಸ್ಸಾ ಆರಿಸಿದ್ರೆ ಮಾಲೀಕರ ಹೆಸರು. ಪಟ್ಟಿಯಲ್ಲಿ ಹುಡುಕುವುದಾದರೆ ನಮ್ಮ ಜಾಗ ಈಗ ಯಾವ ತಾಲೂಕು ಅಂತ ಮೊದಲು ಗೊತ್ತಿರಬೇಕು. ಇಲ್ಲಿ ಕಾಲ ಕೆಳಗಿನ ಮಣ್ಣೇ ಹೇಳ್ತದೆ. ಮನ್ರೋ ಕಾಲದಿಂದ ಬೇರೆ ಬೇರೆ ಇದ್ದ ನಕ್ಷೆ ಮತ್ತು ಲೆಕ್ಕಕ್ಕೆ ಗಂಟು ಬಿದ್ದದ್ದು ಆ ಬಟನ್ನಿನಲ್ಲಿ.

ಕಳೆದ ಮಳೆಗಾಲಕ್ಕೆ ಮುಂಚೆ ಅಮ್ಮಮ್ಮನನ್ನು ಅಂಚಿನ ಮೇಲೆ ನಿಲ್ಲಿಸಿ ನಾನು ಆ ಬಟನ್ ಒತ್ತಿದೆ. ಹೆಸರು ಬಂತು. ಅಜ್ಜನದ್ದು. ಅವರು ತೀರಿಹೋಗಿ ಹನ್ನೊಂದು ವರ್ಷ.

‘ಅವ್ರ್ ಹೆಸ್ರ್ ಇನ್ನೂ ಅಲ್ಲೇ ಇತ್ತಾ ಮಗಾ?’ ಅಂತ ಕೇಳಿದ್ರು ಅಮ್ಮಮ್ಮ. ದುಃಖವೋ ಸಮಾಧಾನವೋ ನನಗೆ ಗೊತ್ತಾಗ್ಲಿಲ್ಲ.

ಪೌತಿ ಖಾತೆ ಯಾರೂ ಮಾಡಿಸಿರಲಿಲ್ಲ. ಒಬ್ಬ ಮಾವ ಮುಂಬಯಿಯಲ್ಲಿ, ಒಬ್ಬರು ಬೆಂಗಳೂರಲ್ಲಿ, ಎಲ್ಲರಿಗೂ ಇನ್ನೊಬ್ಬರು ಮಾಡಿಸಿರಬಹುದು ಅಂತ. ಅದೇ ಸಂಜೆ ಫ್ಯಾಮಿಲಿ ಗ್ರೂಪ್‌ಗೆ ಸ್ಕ್ರೀನ್‌ಶಾಟ್ ಹಾಕಿದೆ. ಹನ್ನೊಂದು ವರ್ಷದಲ್ಲಿ ಆಗದ ಮಾತುಕತೆ ಆ ರಾತ್ರಿ ಶುರುವಾಯಿತು. ಜಗಳವೂ ಸ್ವಲ್ಪ ಆಯಿತು, ಸುಳ್ಳು ಹೇಳುವುದಿಲ್ಲ. ಈಗ ಅರ್ಜಿ ಹಾಕಿದ್ದೇವೆ, ಅಮ್ಮಮ್ಮನ ಹೆಸರು ಮೊದಲು.

ಒಂದು ಎಚ್ಚರಿಕೆ. ಬಯಲಲ್ಲೂ ಫೋನಿನ ಜಿಪಿಎಸ್ ಐದು ಮೀಟರ್‌ನಷ್ಟು ಆಚೀಚೆ ಆಗ್ತದೆ, ತೋಟದ ಮರಗಳ ಕೆಳಗೆ ಇನ್ನೂ ಹೆಚ್ಚು. ಆಪ್ ತೋರಿಸಿತು ಅಂತ ಪಕ್ಕದ ಮನೆಯವರ ಹತ್ತಿರ ಗಡಿಕಲ್ಲಿನ ಜಗಳಕ್ಕೆ ಹೋಗ್ಬೇಡಿ. ಗಡಿ ಹೇಳುವವ ಸರ್ವೆಯರ್, ಫೋನ್ ಅಲ್ಲ.

ಗೆಳೆಯನ ಆಪ್ ಎಂತ ಆಯ್ತು? ಅವ ಬಟನ್ನನ್ನು ಪಾಪ್‌ಅಪ್‌ನಿಂದ ಹೊರಗೆ ತಂದ. ಈಗ ಪಿನ್ ಮುಟ್ಟಿದ್ರೆ ಪರದೆಯ ಕೆಳಗಿನಿಂದ ಒಂದು ಕಾರ್ಡ್ ಏಳ್ತದೆ. ಅದು ನಕ್ಷೆಯ ಭಾಗ ಅಲ್ಲ, ಹಾಗಾಗಿ ಅದರ ಬಟನ್ ನಿಜವಾದದ್ದು. ಅಗಲ, ಎತ್ತರ ಎರಡೂ ಕನಿಷ್ಠ 48 ಡಿಪಿ ಇಟ್ಟ, ಅಂದಾಜು 9 ಮಿಲಿಮೀಟರ್. ಕೆಲಸ ಮಾಡಿ ದಪ್ಪ ಆದ ಬೆರಳಿಗೂ ಸಿಗಬೇಕಲ್ಲ.

ನಿಮ್ಮ ಮನೆಯ ಜಾಗದಲ್ಲಿ ನಿಂತು ಒಮ್ಮೆ ಒತ್ತಿ ಕಾಣಿ. ಯಾರ ಹೆಸರು ಬಂತು ಅಂತ ನನಗಲ್ಲ, ಮನೆಯವರಿಗೆ ಹೇಳಿ. ಮುಂದಿನ ವಾರ ಸಿಗುವ.