ಆರ್‌ಎಸ್‌ಎಸ್‌ಡಿಐ

ರಿಸರ್ಚ್ ಸೊಸೈಟಿ ಫಾರ್ ದಿ ಸ್ಟಡಿ ಆಫ್ ಡಯಾಬಿಟಿಸ್ ಇನ್ ಇಂಡಿಯಾ: ಮಧುಮೇಹದ ಸಂಶೋಧನೆ, ವೈದ್ಯರ ತರಬೇತಿ ಹಾಗೂ ಜನಜಾಗೃತಿಗಾಗಿ ದುಡಿಯುವ, ಲಾಭದ ಉದ್ದೇಶವಿಲ್ಲದ ರಾಷ್ಟ್ರೀಯ ವೈದ್ಯ ಸಂಘಟನೆ. ಎಂ. ಎಂ. ಎಸ್. ಅಹುಜಾ ಅವರ ಮುಂದಾಳತ್ವದಲ್ಲಿ 1972ರಲ್ಲಿ ಸ್ಥಾಪನೆಯಾಯಿತು. ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಶಾಖೆಗಳಿವೆ. ವಾರ್ಷಿಕ ಸಮ್ಮೇಳನ ನಡೆಸುತ್ತದೆ, ಸಂಶೋಧನೆಗೆ ಧನಸಹಾಯ ನೀಡುತ್ತದೆ, ಅಂತರರಾಷ್ಟ್ರೀಯ ಸಂಶೋಧನಾ ಪತ್ರಿಕೆಯೊಂದನ್ನು ಪ್ರಕಟಿಸುತ್ತದೆ.

ಇದರ ಕೆಲಸಗಳಲ್ಲಿ ಹೆಚ್ಚು ಬೆಲೆಯುಳ್ಳದ್ದು ಭಾರತೀಯರಿಗೆಂದೇ ರೂಪಿಸಿದ ಚಿಕಿತ್ಸಾ ಮಾರ್ಗಸೂಚಿ. ಭಾರತೀಯರಿಗೆ ಪಾಶ್ಚಾತ್ಯರಿಗಿಂತ ಕಡಿಮೆ ವಯಸ್ಸಿನಲ್ಲಿ, ಕಡಿಮೆ ತೂಕದಲ್ಲೇ ಮಧುಮೇಹ ಬರುತ್ತದೆ. ಆದ್ದರಿಂದ ದೇಹತೂಕ ಸೂಚ್ಯಂಕ 25ರ ಬದಲು 23 ದಾಟಿದರೇ ಇಲ್ಲಿ ಅಧಿಕ ತೂಕವೆಂದು ಎಣಿಸಲಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೆಂಬಲದ ಅಧ್ಯಯನವೊಂದು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು ಸುಮಾರು 10.1 ಕೋಟಿ ಎಂದು ಅಂದಾಜಿಸಿತು.

ಒಬ್ಬ ಮಧುಮೇಹ ತಜ್ಞರು ಒಂದು ಹಳ್ಳಿಯನ್ನು ದತ್ತು ಪಡೆಯುವ ಅಭಿಯಾನವೂ ಸಂಘದ್ದು. ಯಾದಗಿರಿ ತಾಲ್ಲೂಕಿನ ಬಳಿಚಕ್ರದಂಥ ಊರುಗಳಿಗೆ ಇಂಥ ನೆರವು ಬಹಳ ಅಗತ್ಯ. ಅಲ್ಲಿ 30 ವರ್ಷ ದಾಟಿದವರ ಸಕ್ಕರೆ ತಪಾಸಣೆ ಸರ್ಕಾರಿ ಅಸಾಂಕ್ರಾಮಿಕ ರೋಗ ಕಾರ್ಯಕ್ರಮದ ಹೊಣೆ. ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುವುದರಿಂದ ಇನ್ಸುಲಿನ್ ಕೆಡದಂತೆ ಇಡುವುದೂ ಕಷ್ಟ. ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ತಂಪು ಬೇಕು. ಫ್ರಿಜ್ ಇಲ್ಲದ ಮನೆಗಳಲ್ಲಿ, ಬಳಕೆಯಲ್ಲಿರುವ ಬಾಟಲಿಯನ್ನು ನೀರು ತಾಗದಂತೆ ಮುಚ್ಚಿ ಮಣ್ಣಿನ ಗಡಿಗೆಯಲ್ಲಿ ಇಡುವ ರೂಢಿಯಿದೆ.