‘ಸರಿಯಿದೆ ಎಂದು ಗೊತ್ತಿರುವ’ ಎಸ್‌ಎಂಪಿಎಸ್: ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ರಿಪೇರಿ ಮೇಜಿನಿಂದ ಒಂದು ಭಿನ್ನಮತ

ಕಂಪ್ಯೂಟರ್ ರಿಪೇರಿಯ ಮೊದಲ ಪಾಠ ಎಲ್ಲ ಊರಲ್ಲೂ ಒಂದೇ. ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್, ಮೇಲೆ ಅನುಮಾನ ಬಂದರೆ ಅದನ್ನು ಕಳಚಿಟ್ಟು, ಸರಿಯಿದೆ ಎಂದು ಗೊತ್ತಿರುವ ಇನ್ನೊಂದನ್ನು ಸಿಕ್ಕಿಸಿ ನೋಡಬೇಕು. 1988ರಲ್ಲಿ ಮೊದಲು ಅಚ್ಚಾಗಿ ಆಮೇಲೆ ಹಲವು ಆವೃತ್ತಿ ಕಂಡ ಸ್ಕಾಟ್ ಮುಲ್ಲರ್ ಅವರ ‘ಅಪ್‌ಗ್ರೇಡಿಂಗ್ ಅಂಡ್ ರಿಪೇರಿಂಗ್ ಪಿಸೀಸ್’ ಈ ಪಾಠಕ್ಕೆ ಶಾಸ್ತ್ರದ ಮರ್ಯಾದೆ ತಂದುಕೊಟ್ಟಿತು. ಆ ಪುಸ್ತಕದ ಹೆಸರೇ ಕೇಳದ ನಮ್ಮ ಕಡೆಯ ಹುಡುಗರೂ ಮೇಜಿನಡಿ ಒಂದು ‘ಟೆಸ್ಟಿಂಗ್ ಎಸ್‌ಎಂಪಿಎಸ್’ ಇಟ್ಟುಕೊಂಡೇ ಅಂಗಡಿ ತೆರೆಯುತ್ತಾರೆ. ಪಾಠದ ಬಗ್ಗೆ ನನಗೆ ಜಗಳವಿಲ್ಲ. ತಕರಾರು ಇರುವುದು ‘ಸರಿಯಿದೆ ಎಂದು ಗೊತ್ತಿರುವ’ ಎಂಬ ವಿಶೇಷಣದ ಬಗ್ಗೆ. ಎಷ್ಟು ವೋಲ್ಟಿನ ಕರೆಂಟಿನಲ್ಲಿ ಸರಿ? ಯಾರ ಊರಿನಲ್ಲಿ ಸರಿ?

ಒಪ್ಪಿತವಾದ ಸಂಗತಿಗಳನ್ನು ಬೇಗ ಮುಗಿಸಬಹುದು. 1981ರ ಐಬಿಎಂ ಪಿಸಿಗೆ 63.5 ವ್ಯಾಟ್ ಸಾಕಾಗಿತ್ತು. ಇಂಟೆಲ್ 1995ರಲ್ಲಿ ಎಟಿಎಕ್ಸ್ ಮಾನದಂಡ ತಂದಿತು. 2000ದಲ್ಲಿ ಪ್ರೊಸೆಸರಿಗೆಂದೇ 4 ಪಿನ್ನಿನ 12 ವೋಲ್ಟ್ ಕನೆಕ್ಟರ್ ಬಂತು, 2003ರಲ್ಲಿ 20 ಪಿನ್ ಹೋಗಿ 24 ಪಿನ್ ಬಂತು. 3.3, 5 ಮತ್ತು 12 ವೋಲ್ಟುಗಳು ಶೇ. 5ಕ್ಕಿಂತ ಹೆಚ್ಚು ಆಚೀಚೆ ಆಗಬಾರದು. ವೋಲ್ಟೇಜು ಸರಿಯಿದೆ ಎಂದು ಬೋರ್ಡಿಗೆ ತಿಳಿಸುವ, ಬೂದು ಬಣ್ಣದ ವೈರಿನ ‘ಪವರ್ ಗುಡ್’ ಸಂಕೇತ 100ರಿಂದ 500 ಮಿಲಿಸೆಕೆಂಡು ತಡೆದು ಬರಬೇಕು. ಹಸಿರು ವೈರು ಕಪ್ಪು ವೈರುಗಳ ನಡುವೆ ಜೆಮ್ ಕ್ಲಿಪ್ ಸಿಕ್ಕಿಸಿ ಫ್ಯಾನ್ ತಿರುಗಿತೆಂದರೆ ಸಪ್ಲೈಗೆ ಜೀವವಿದೆ ಎಂದಷ್ಟೇ ಅರ್ಥ, ಅದು ಆರೋಗ್ಯವಾಗಿದೆ ಎಂದಲ್ಲ. ಚೀಟಿಯ ಮೇಲಿನ ವ್ಯಾಟಿಗಿಂತ 12 ವೋಲ್ಟಿನ ಎದುರು ಬರೆದ ಆಂಪಿಯರ್ ಮುಖ್ಯ. ‘450 ವ್ಯಾಟ್’ ಎಂದು ದಪ್ಪಕ್ಷರದಲ್ಲಿ ಬರೆದು ಕೆಳಗೆ 12 ವೋಲ್ಟಿಗೆ 16 ಆಂಪಿಯರ್ ಎಂದಿದ್ದರೆ, ಇಂದಿನ ಮದರ್‌ಬೋರ್ಡಿಗೆ ನಿಜವಾಗಿ ಒದಗುವುದು 192 ವ್ಯಾಟ್. ಇಷ್ಟರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಭಿನ್ನಾಭಿಪ್ರಾಯ ಶುರುವಾಗುವುದು ಆಯ್ಕೆಯ ಹಂತದಲ್ಲಿ. ಟೆಸ್ಟಿಂಗಿಗೆ ಇಡುವ ಪೀಸು ಅಂಗಡಿಯಲ್ಲೇ ಅತ್ಯುತ್ತಮವಾಗಿರಬೇಕು ಎಂಬುದು ರೂಢಿಯ ಮಾತು. ಹೆಚ್ಚು ವ್ಯಾಟ್, ದಕ್ಷತೆಯ 80 ಪ್ಲಸ್ ಗುರುತು, ಆಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಕರೆಕ್ಷನ್) ಇದ್ದರೆ ನಿಶ್ಚಿಂತೆ. ನನ್ನ ವಾದ ಇದಕ್ಕೆ ಎದುರು. ನಮ್ಮ ಸೀಮೆಯಲ್ಲಿ ಬಹಳ ಕೇಳಿಬರುವ ಒಂದು ದೂರಿಗೆ, ಅಂದರೆ ‘ಸಿಸ್ಟಮ್ ತಾನಾಗೇ ರೀಸ್ಟಾರ್ಟ್ ಆಗ್ತೈತಿ’ ಎಂಬುದಕ್ಕೆ, ಒಳ್ಳೆಯ ಸಪ್ಲೈ ಕೆಟ್ಟ ಸಾಕ್ಷಿ.

ಈ ಸಂಶಯ ಹುಟ್ಟಿಸಿದ್ದು ಒಂದೇ ಒಂದು ಯಂತ್ರ. ಸಿರುಗುಪ್ಪದ ಒಂದು ಜೆರಾಕ್ಸ್ ಅಂಗಡಿಯಿಂದ ಬಸ್ಸಿನಲ್ಲಿ 50 ಕಿ.ಮೀ.ಗೂ ಹೆಚ್ಚು ದೂರ ತೊಡೆಯ ಮೇಲೇ ಕೂತು ಬಂದ ಹಳೆಯ ಅಸೆಂಬಲ್ಡ್ ಸಿಸ್ಟಮ್. ಬಳ್ಳಾರಿಯ ಮೇಜಿನ ಮೇಲೆ ದಿನವಿಡೀ ಓಡಿತು, ಒಮ್ಮೆಯೂ ತೊಂದರೆ ಕೊಡಲಿಲ್ಲ. ಆದರೂ ಅನುಮಾನಕ್ಕೆ ಮದ್ದಿಲ್ಲವೆಂದು ಸಪ್ಲೈ ಬದಲಿಸಿ ಕಳಿಸಿದ್ದಾಯಿತು. ಹಾಕಿದ್ದು ಅಗ್ಗದ್ದೇ. ಮೂರನೇ ದಿನ ಮಾಲೀಕರು ಮತ್ತೆ ಹಾಜರು: “ಅಣ್ಣಾ, ನಿಮ್ಮಲ್ಲಿ ಚೆಂದ ನಡೀತೈತಿ, ಅಲ್ಲಿಗೆ ಒಯ್ದ್ರ ಮತ್ತ ಅದೇ ಹಾಡು. ಕಾಪಿ ತೆಗಿಯಾಕ ಶುರು ಮಾಡಿದ್ರ ಸಾಕು, ಸಿಸ್ಟಮ್ ಕಣ್ಣು ಮುಚ್ಚತೈತಿ.” ಉತ್ತರ ಅವರ ಕೊನೆಯ ಮಾತಿನಲ್ಲೇ ಇತ್ತು. ನಾವು ಕಿವಿಗೊಡಲಿಲ್ಲ. ಜೆರಾಕ್ಸ್ ಯಂತ್ರದ ಒಳಗೆ ಶಾಯಿಪುಡಿಯನ್ನು ಕಾಗದಕ್ಕೆ ಬೇಯಿಸಿ ಅಂಟಿಸುವ ಹೀಟರ್ ಇರುತ್ತದೆ. ಅದು ಆನ್ ಆದಾಗಲೆಲ್ಲ ಕರೆಂಟನ್ನು ಒಮ್ಮೆಲೇ ಎಳೆಯುತ್ತದೆ. ಎರಡೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿದ್ದವು. ಜೊತೆಗಿದ್ದ ಯುಪಿಎಸ್‌ನ ಬ್ಯಾಟರಿ ಎಂದೋ ಸತ್ತಿತ್ತು. ಕೊನೆಗೆ ಆಕ್ಟಿವ್ ಪಿಎಫ್‌ಸಿ ಇರುವ ನಮ್ಮ ಟೆಸ್ಟಿಂಗ್ ಪೀಸನ್ನೇ ಒಯ್ದು ಸಿಕ್ಕಿಸಿದಾಗ ದೂರು ನಿಂತಿತು. ರೂಢಿಯ ತರ್ಕದ ಪ್ರಕಾರ ತೀರ್ಪು ಸ್ಪಷ್ಟ: ಹಳೆಯ ಸಪ್ಲೈ ಕೆಟ್ಟಿತ್ತು, ನಾವು ಹಾಕಿದ ಹೊಸದೂ ಕೆಟ್ಟದ್ದೇ. ಎರಡೂ ಸುಳ್ಳು ಎಂದು ಈಗ ನನಗನ್ನಿಸುತ್ತದೆ. ಏಕೆಂದು ಸ್ವಲ್ಪ ಲೆಕ್ಕ ಹಾಕಿ ತೋರಿಸಬೇಕು.

ಪಿಎಫ್‌ಸಿ ಇಲ್ಲದ ಸಾದಾ ಸಪ್ಲೈ ಗೋಡೆಯ ಕರೆಂಟನ್ನು ನೇರವಾಗಿ ಡಿಸಿ ಮಾಡಿ ದೊಡ್ಡ ಕೆಪಾಸಿಟರುಗಳಲ್ಲಿ ತುಂಬಿಡುತ್ತದೆ. 230 ವೋಲ್ಟ್ ಬಂದರೆ ಅಲ್ಲಿ ಸುಮಾರು 325 ವೋಲ್ಟ್ ನಿಲ್ಲುತ್ತದೆ, 170 ಬಂದರೆ ಸುಮಾರು 240. ಕರೆಂಟು ಅರೆಗಳಿಗೆ ಕೈಕೊಟ್ಟಾಗ ಯಂತ್ರ ಬದುಕುವುದು ಈ ಸಂಗ್ರಹದಿಂದ. ಪೂರ್ತಿ ಲೋಡಿನಲ್ಲೂ 16 ಮಿಲಿಸೆಕೆಂಡು ತಾಳಬೇಕು ಎನ್ನುವುದು ಎಟಿಎಕ್ಸ್ ನಿರೀಕ್ಷೆ. ಕೆಪಾಸಿಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಆದರೆ ಅದೆಲ್ಲ ಬಳಕೆಗೆ ಬರುವುದಿಲ್ಲ, ಸಪ್ಲೈ ಕೈಬಿಡುವ ಮಟ್ಟದವರೆಗಿನದಷ್ಟೇ ಬರುತ್ತದೆ. 150 ವೋಲ್ಟಿಗೆ ಕೈಬಿಡುವ ಸಪ್ಲೈ ಎಂದಿಟ್ಟುಕೊಳ್ಳೋಣ. 230ರ ವರ್ಗದಿಂದ 150ರ ವರ್ಗ ಕಳೆದರೆ 30,400. 170ರ ವರ್ಗದಿಂದ ಕಳೆದರೆ 6,400. ಅಂದರೆ ಗೋಡೆಯ ವೋಲ್ಟೇಜು ಕಾಲುಭಾಗದಷ್ಟು ಇಳಿದರೆ ತಾಳಿಕೆಯ ಅವಧಿ ಐದನೇ ಒಂದಕ್ಕೆ ಕುಸಿಯುತ್ತದೆ: 16 ಇದ್ದದ್ದು ಮೂರೂವರೆ ಮಿಲಿಸೆಕೆಂಡೂ ಆಗದು. ಲೋಡ್ ಅರ್ಧವಾದರೆ ಎರಡೂ ದುಪ್ಪಟ್ಟಾಗುತ್ತವೆ, ಅನುಪಾತ ಹಾಗೇ ಉಳಿಯುತ್ತದೆ. 50 ಹರ್ಟ್ಸಿನ ಕರೆಂಟಿನಲ್ಲಿ ಒಂದು ಅರ್ಧ ಅಲೆಗೆ 10 ಮಿಲಿಸೆಕೆಂಡು ಬೇಕು ಎಂಬುದನ್ನು ನೆನೆದರೆ ಇಕ್ಕಟ್ಟು ಗೊತ್ತಾಗುತ್ತದೆ.

ಇನ್ನೊಂದು ಬದಿ ನೋಡಿ. ವಯಸ್ಸಾದ ಸಪ್ಲೈಯ ಕೆಪಾಸಿಟರ್ ತನ್ನ ಸಾಮರ್ಥ್ಯದ ಐದನೇ ಒಂದಕ್ಕೆ ಸೊರಗಿದ್ದರೆ, 230 ವೋಲ್ಟಿನಲ್ಲೂ ಅದರ ತಾಳಿಕೆ ಅಷ್ಟೇ. ಹೀಗಾಗಿ ಪೂರ್ತಿ ಕರೆಂಟಿನಲ್ಲಿರುವ ರೋಗಿಷ್ಠ ಸಪ್ಲೈಯೂ ಕಮ್ಮಿ ಕರೆಂಟಿನಲ್ಲಿರುವ ಆರೋಗ್ಯವಂತ ಸಪ್ಲೈಯೂ ತೋರುವ ಲಕ್ಷಣ ಒಂದೇ. ಆಕ್ಟಿವ್ ಪಿಎಫ್‌ಸಿ ಇರುವ ಸಪ್ಲೈ ಒಳಗೆ ಬಂದದ್ದನ್ನು 380 ವೋಲ್ಟಿನ ಆಸುಪಾಸಿಗೆ ಏರಿಸಿಯೇ ಕೆಪಾಸಿಟರ್ ತುಂಬುತ್ತದೆ. ಗೋಡೆಯಲ್ಲಿ 170 ಇದ್ದರೂ 230 ಇದ್ದರೂ ಅದರ ಸಂಗ್ರಹ ಬದಲಾಗದು. ಅದನ್ನು ಸಿಕ್ಕಿಸಿದೊಡನೆ ಎರಡೂ ಸಂದರ್ಭಗಳಲ್ಲಿ ದೂರು ನಿಲ್ಲುತ್ತದೆ. ಎರಡು ಭಿನ್ನ ಕಾಯಿಲೆಗಳಿಗೆ ಒಂದೇ ಉತ್ತರ ಕೊಡುವ ಸಾಧನವನ್ನು ಪರೀಕ್ಷೆ ಎನ್ನಲಾಗದು, ಚಿಕಿತ್ಸೆ ಎನ್ನಬಹುದು.

ಮುಲ್ಲರ್ ಇದನ್ನು ಕಾಣಲಿಲ್ಲವೆಂದು ದೂರುವುದು ಅನ್ಯಾಯ. ಗೋಡೆಯ ಕರೆಂಟು ಬಹುಮಟ್ಟಿಗೆ ಸ್ಥಿರವಾಗಿರುವ ದೇಶದ ಓದುಗರಿಗೆ ಅವರು ಬರೆದರು. ಅಲ್ಲಿ ಬದಲಾಗುವ ಅಂಶ ಒಂದೇ, ಸಪ್ಲೈ. ನಮ್ಮಲ್ಲಿ ಎರಡು. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳ 54ನೇ ನಿಯಮ ಮನೆ ಅಂಗಡಿಗಳ ವೋಲ್ಟೇಜಿಗೆ ಶೇ. 6ರ ಏರಿಳಿತವನ್ನಷ್ಟೇ ಒಪ್ಪಿತ್ತು. 230ಕ್ಕೆ ಲೆಕ್ಕ ಹಾಕಿದರೆ 216ರಿಂದ 244. 500, 500, 700 ಮೆಗಾವ್ಯಾಟಿನ ಮೂರು ಘಟಕಗಳ ಉಷ್ಣ ಸ್ಥಾವರ ಇದೇ ಜಿಲ್ಲೆಯ ಕುಡತಿನಿಯಲ್ಲಿದೆ. ಆದರೆ ಸ್ಥಾವರ ಹತ್ತಿರವಿದ್ದ ಮಾತ್ರಕ್ಕೆ ಫೀಡರಿನ ಬಾಲದಲ್ಲಿರುವವರಿಗೆ ಪೂರ್ತಿ ವೋಲ್ಟೇಜು ಸಿಗುತ್ತದೆಂದೇನಿಲ್ಲ. ತುಂಗಭದ್ರೆಯ ನೀರಿನ ಭತ್ತದ ಸೀಮೆ ಸಿರುಗುಪ್ಪದ್ದು. ಪಂಪ್‌ಸೆಟ್ಟು, ಅಕ್ಕಿ ಗಿರಣಿಗಳ ಮೋಟಾರು ಒಟ್ಟಿಗೆ ಎಳೆಯುವ ಹೊತ್ತು ಅಲ್ಲಿಯವರಿಗೆ ಗೊತ್ತು.

ನನ್ನ ದಿಟ್ಟ ಮಾತು ಇಷ್ಟು: ರೀಸ್ಟಾರ್ಟ್ ದೂರಿನ ಯಂತ್ರಕ್ಕೆ ಮೊದಲು ಸಿಕ್ಕಿಸಬೇಕಾದ ಟೆಸ್ಟಿಂಗ್ ಪೀಸು ಆಕ್ಟಿವ್ ಪಿಎಫ್‌ಸಿ ಇಲ್ಲದ, ಗಿರಾಕಿಯ ಸಪ್ಲೈಯ ಜಾತಿಯದೇ ಆದ, ಆದರೆ ಅಳೆದು ನೋಡಿದ ಸಾದಾ ಸಪ್ಲೈ. ಅದರಲ್ಲೂ ದೂರು ಉಳಿದರೆ ಗೋಡೆಯನ್ನು ಅನುಮಾನಿಸಬೇಕು. ಇದಕ್ಕೆ ಮಿತಿಗಳಿವೆ. ಯಂತ್ರವೇ ಆನ್ ಆಗದಿದ್ದರೆ ಈ ವಾದ ಅನ್ವಯಿಸದು, ಆಗ ಯಾವ ಗಟ್ಟಿ ಸಪ್ಲೈಯಾದರೂ ನಡೆಯುತ್ತದೆ. ಈಚಿನ ಯಂತ್ರಗಳಲ್ಲಿ ಗಿರಾಕಿಯದೇ ಆಕ್ಟಿವ್ ಪಿಎಫ್‌ಸಿ ಆಗಿದ್ದರೆ ವಾದದ ಬಲ ಕುಗ್ಗುತ್ತದೆ. ‘ನಿರಂತರ ಜ್ಯೋತಿ’ ಯೋಜನೆಯಲ್ಲಿ ಕೃಷಿ ಫೀಡರುಗಳನ್ನು ಬೇರ್ಪಡಿಸಿದ ಕಡೆ ಹಿಂದಿನಷ್ಟು ಕುಸಿತ ಇರದೆಯೂ ಇರಬಹುದು. ಕಾರಣ ಗೋಡೆಯಲ್ಲೇ ಇದ್ದರೂ ಒಳ್ಳೆಯ ಸಪ್ಲೈ ಹಾಕಿಕೊಟ್ಟರೆ ಗಿರಾಕಿಯ ಕೆಲಸ ಆಯಿತಲ್ಲ ಎನ್ನುವವರಿಗೆ ನನ್ನಲ್ಲಿ ಗಟ್ಟಿ ಉತ್ತರವಿಲ್ಲ. ಆದರೆ ಸರಿಯಿದ್ದ ಸಪ್ಲೈಗೆ ‘ಹೋಗಿದೆ’ ಎಂದು ಚೀಟಿ ಅಂಟಿಸಿ ಗುಜರಿಗೆ ಎಸೆಯುವುದನ್ನು ರೋಗನಿದಾನ ಎಂದು ಕರೆಯಬಾರದು.

‘ಅಳೆದು ನೋಡಿದ’ ಎಂದೆ. ಅಳೆಯುವುದು ಹೇಗೆ? ಎಲೆಕ್ಟ್ರಿಕಲ್ ಲ್ಯಾಬುಗಳಲ್ಲಿ ಡಿಮ್ಮರ್‌ಸ್ಟಾಟ್ ಎನ್ನುವ, ಗುಂಡಿ ತಿರುಗಿಸಿ ಗೋಡೆಯ ವೋಲ್ಟೇಜು ಇಳಿಸುವ ಸಾಧನ ಇರುತ್ತದೆ. ಹಳೆಯ ಕಾಲದ, ಕೈಯಲ್ಲಿ ಹಂತ ಬದಲಿಸುವ ಟಿವಿ ಸ್ಟೆಬಿಲೈಸರೂ ಒರಟಾಗಿ ಆ ಕೆಲಸ ಮಾಡೀತು. ಲೋಡಿಗೆ ಟ್ರಾಕ್ಟರಿನ 12 ವೋಲ್ಟಿನ 55 ವ್ಯಾಟ್ ಹೆಡ್‌ಲೈಟ್ ಬಲ್ಬು ಸಾಕು. ಒಂದಕ್ಕೆ ನಾಲ್ಕೂವರೆ ಆಂಪಿಯರ್ ಚಿಲ್ಲರೆ ಎಳೆಯುತ್ತದೆ. ಅದಿರು ಲಾರಿಗಳ ಊರಾದ ಬಳ್ಳಾರಿಯಲ್ಲಿ ಅಂಗಡಿಯವರು ಕೇಳದೆಯೇ 24 ವೋಲ್ಟಿನದು ಕಟ್ಟಿಕೊಡುತ್ತಾರೆ. ಅದು ಮಂಕಾಗಿ ಉರಿದು ಲೆಕ್ಕ ತಪ್ಪಿಸುತ್ತದೆ. ಬಲ್ಬು ಉರಿಯುತ್ತಿರುವಾಗ ವೋಲ್ಟೇಜು ಮೆಲ್ಲಗೆ ಇಳಿಸುತ್ತ, ಹಳದಿ ವೈರಿನಲ್ಲಿ ಮೀಟರ್ ಹಿಡಿದಿರಬೇಕು. ಇಂಟೆಲ್ ವಿನ್ಯಾಸ ಸೂತ್ರದ ಪ್ರಕಾರ 230ರ ದೇಶಗಳಿಗೆ ಕೆಳಮಿತಿ 180 ವೋಲ್ಟ್. ಅದಕ್ಕೂ ಮೇಲೆಯೇ ಕೈಬಿಟ್ಟರೆ ಸಪ್ಲೈ ರೋಗಿಷ್ಠ. ಕೆಳಗೂ ಹಿಡಿದು ನಿಂತರೆ ಅದರ ಮೇಲಿನ ಆರೋಪ ವಜಾ. ಸಿರುಗುಪ್ಪದ ಆ ಹಳೆಯ ಸಪ್ಲೈ 160ರ ಹತ್ತಿರದವರೆಗೂ ನಿಂತಿತು.

ವ್ಯಾಟಿನ ಮಾತು ಚಿಕ್ಕದು. ಟೆಸ್ಟಿಂಗಿಗೆ 750 ವ್ಯಾಟ್ ಇದ್ದರೆ ಹೆಮ್ಮೆ, ಆದರೆ ಅಪಾಯವೂ ಹೌದು. ಬೋರ್ಡಿನಲ್ಲಿ 0.3 ಓಮಿನ ಅರೆಬರೆ ಶಾರ್ಟ್ ಇದೆಯೆನ್ನಿ. 12 ವೋಲ್ಟಿನಲ್ಲಿ ಅದು 40 ಆಂಪಿಯರ್, 480 ವ್ಯಾಟ್ ಎಳೆಯುತ್ತದೆ. ದೊಡ್ಡ ಸಪ್ಲೈ ಅದನ್ನು ಸಾಮಾನ್ಯ ಹೊರೆಯೆಂದೇ ತಿಳಿದು ಬೋರ್ಡಿನ ತಾಮ್ರದ ಗೆರೆ ಸುಟ್ಟು ವಾಸನೆ ಬರುವವರೆಗೂ ಉಣಿಸುತ್ತದೆ. ಹಿಂದೆ ಪ್ರತಿ 12 ವೋಲ್ಟ್ ಸಾಲಿಗೆ 240 ವೋಲ್ಟ್‌ಆಂಪಿಯರ್, ಅಂದರೆ 20 ಆಂಪಿಯರಿನ ಕಟ್ಟು ಇತ್ತು. 2007ರ ಎಟಿಎಕ್ಸ್12ವಿ 2.3 ಆವೃತ್ತಿ ಅದನ್ನು ಕೈಬಿಟ್ಟಿತು. ಆಟದ ಯಂತ್ರಗಳಿಗೆ ಅದು ಅನುಕೂಲ, ರಿಪೇರಿ ಮೇಜಿಗೆ ನಷ್ಟ. ಹಾಗಾಗಿ 300ರಿಂದ 400 ವ್ಯಾಟಿನ, ಶಾರ್ಟ್ ಆದರೆ ನಿಜಕ್ಕೂ ಕಟ್ ಆಗುವ ಪೀಸು ಮೇಲು. ಅಗ್ಗದವುಗಳಲ್ಲಿ ಈ ರಕ್ಷಣೆ ಚೀಟಿಯ ಮೇಲೆ ಮಾತ್ರ ಇರುವುದುಂಟು, ‘ಪವರ್ ಗುಡ್’ ವೈರನ್ನು ಸೀದಾ 5 ವೋಲ್ಟಿಗೆ ಬೆಸೆದಿರುವುದೂ ಉಂಟು.

ಕುರುಗೋಡಿನಿಂದ ಬರುವ ತೊಡಕು ಬೇರೆ ಬಗೆಯದು. ದೊಡ್ಡ ಬಸವೇಶ್ವರನ ಈ ಊರು ಈಚೆಗೆ ತಾಲ್ಲೂಕು ಕೇಂದ್ರವಾಯಿತು. ಕಚೇರಿ ಬಂದವು, ಜೊತೆಗೆ ಬ್ರ್ಯಾಂಡೆಡ್ ಸಣ್ಣ ಡೆಸ್ಕ್‌ಟಾಪುಗಳೂ ಬಂದವು. ಅವುಗಳ ಬೋರ್ಡಿಗೆ 24 ಪಿನ್ ಹೊಂದುವುದೇ ಇಲ್ಲ, 6, 10 ಅಥವಾ 14 ಪಿನ್ನಿನ ಸ್ವಂತ ಜೋಡಣೆ. ಇಲ್ಲಿ ಮುಲ್ಲರ್‌ಗೆ ನಾನು ಋಣಿ. 1990ರ ದಶಕದ ಕೊನೆಯ ಡೆಲ್ ಯಂತ್ರಗಳಲ್ಲಿ ಕನೆಕ್ಟರ್ ನೋಡಲು ಎಟಿಎಕ್ಸ್‌ನಂತೆಯೇ ಇದ್ದು ವೈರುಗಳ ಕ್ರಮ ಬೇರೆ ಇದ್ದುದನ್ನು ಎತ್ತಿ ಹೇಳಿ, ಎಷ್ಟೋ ಬೋರ್ಡುಗಳನ್ನು ಉಳಿಸಿದವರು ಅವರು. ಪಿನ್ನು ಹೊಂದಿತೆಂದು ಸಿಕ್ಕಿಸಬಾರದು, ಪರಿವರ್ತಕ ಕೇಬಲ್ಲನ್ನೂ ಮೀಟರಿನಲ್ಲಿ ಅಳೆದೇ ಬಳಸಬೇಕು.

ಕೆಲವು ಪ್ರಶ್ನೆ ಉಳಿದಿವೆ. ಆಕ್ಟಿವ್ ಪಿಎಫ್‌ಸಿ ಸಪ್ಲೈಗಳು ಚೌಕ ಅಲೆಯ ಅಗ್ಗದ ಯುಪಿಎಸ್, ಇನ್ವರ್ಟರುಗಳ ಜೊತೆ ಕೆಲವೊಮ್ಮೆ ಹೊಂದುವುದಿಲ್ಲ. ಕರೆಂಟು ಹೋದ ಕ್ಷಣವೇ ಆಫ್ ಆಗುತ್ತವೆ. ಅಂಥ ಕಡೆ ನಾನು ಹೇಳಿದ ಕ್ರಮವನ್ನು ತಿರುವುಮುರುವು ಮಾಡಬೇಕೇ ಎಂಬುದಕ್ಕೆ ಒಂದು ಯಂತ್ರದ ಅನುಭವ ಸಾಲದು. 2019ರಲ್ಲಿ ಇಂಟೆಲ್ ಪ್ರಕಟಿಸಿದ, 10 ಪಿನ್ನಿನಲ್ಲಿ 12 ವೋಲ್ಟ್ ಮಾತ್ರ ಕೊಡುವ ಮಾದರಿ ನಮ್ಮ ಕಡೆ ಹಬ್ಬಿದರೆ ಇಂದಿನ ಟೆಸ್ಟಿಂಗ್ ಪೀಸುಗಳ ಗತಿ ಏನು ಎಂಬುದೂ ಹಾಗೇ ಇದೆ. ಸದ್ಯಕ್ಕೆ ನಮ್ಮ ಮೇಜಿನಡಿ ಎರಡು ಪೀಸುಗಳಿವೆ, ಒಂದರ ಮೇಲೆ ‘ಸಾದಾ’, ಇನ್ನೊಂದರ ಮೇಲೆ ‘ಪಿಎಫ್‌ಸಿ’ ಎಂದು ಪೇಪರ್ ಟೇಪಿನಲ್ಲಿ ಬರೆದಿದೆ. ಸಿರುಗುಪ್ಪದಿಂದ ಫೋನ್ ಬಂದರೆ ಮೊದಲು ಕೇಳುವುದು, ಅದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಇನ್ನೇನು ಸಿಕ್ಕಿಸಿದ್ದೀರಿ ಎಂದು.