ಜೇನು–ಅಕ್ರೋಟು ಸೀಗಡಿ: ಹೋಟೆಲಿನ ರುಚಿ ಮನೆಯ ಬಾಣಲೆಯಲ್ಲಿ

ಚೈನೀಸ್ ಊಟವೆಂದೊಡನೆ ಕರ್ನಾಟಕದ ನಗರವಾಸಿಗೆ ನೆನಪಾಗುವುದು ಸೋಯಾ ಸಾಸ್, ಬೆಳ್ಳುಳ್ಳಿ ಮತ್ತು ಹಸಿಮೆಣಸಿನಕಾಯಿಯ ಘಾಟು. ಅದು ಗೋಬಿ ಮಂಚೂರಿ ಕಲಿಸಿಕೊಟ್ಟ ರುಚಿ. ಆದರೆ ಚೀನೀ ಪಾಕಶಾಲೆಯಿಂದಲೇ ಬಂದಿದ್ದರೂ ಈ ಮೂರರಲ್ಲಿ ಒಂದನ್ನೂ ಬಳಸದ ಖಾದ್ಯವೊಂದಿದೆ. ಗರಿಗರಿಯಾಗಿ ಕರಿದ ಸೀಗಡಿಗೆ ಮಯೋನೀಸ್, ಜೇನುತುಪ್ಪ ಮತ್ತು ಕಂಡೆನ್ಸ್ಡ್ ಮಿಲ್ಕ್ ಬೆರೆಸಿದ ಬಿಳಿಯ ಸಾಸ್ ಸವರಿ, ಸಕ್ಕರೆ ಪಾಕದಲ್ಲಿ ಹೊರಳಿಸಿ ಕರಿದ ಅಕ್ರೋಟನ್ನು ಮೇಲೆ ಹರಡಿ ಬಡಿಸುವ ಈ ತಿನಿಸಿನ ಇಂಗ್ಲಿಷ್ ಹೆಸರು ‘ಹನಿ ವಾಲ್‌ನಟ್ ಶ್ರಿಂಪ್’. ಕೇಳಿದಾಗ ಮೀನಿನಂಗಡಿಗೂ ಮಿಠಾಯಿ ಅಂಗಡಿಗೂ ನೆಂಟಸ್ತನ ಬೆಳೆಸಿದಂತೆ ತೋರುತ್ತದೆ. ತಿಂದವರ ಅಭಿಪ್ರಾಯ ಸಾಮಾನ್ಯವಾಗಿ ಬೇರೆಯೇ ಆಗಿರುತ್ತದೆ.

ಇದನ್ನು ಮನೆಯಲ್ಲಿ ಮಾಡಲು ಹೊರಟವರಿಗೆ ಎದುರಾಗುವ ತೊಡಕುಗಳು ಮೂರು. ಅಕ್ರೋಟು ಒಗರಾಗುತ್ತದೆ, ಸೀಗಡಿ ರಬ್ಬರಿನಂತಾಗುತ್ತದೆ, ಸಾಸ್ ಎಣ್ಣೆ ಬಿಟ್ಟುಕೊಂಡು ಒಡೆಯುತ್ತದೆ. ಸೀಗಡಿ ಮತ್ತು ಅಕ್ರೋಟು ಎರಡೂ ಅಗ್ಗದ ಸಾಮಗ್ರಿಗಳಲ್ಲವಾದ್ದರಿಂದ ಕೆಟ್ಟರೆ ನಷ್ಟವೂ ಸಣ್ಣದಲ್ಲ. ಸಮಾಧಾನದ ಸಂಗತಿಯೆಂದರೆ ಹೋಟೆಲಿನ ಅಡುಗೆಯವರ ಬಳಿ ಇದಕ್ಕೆ ಗುಪ್ತ ಮಸಾಲೆಯೇನೂ ಇಲ್ಲ. ಯಾವುದನ್ನು ಯಾವಾಗ ಒಲೆಯ ಮೇಲಿಡಬೇಕು, ಯಾವುದನ್ನು ಎಂದಿಗೂ ಇಡಬಾರದು ಎಂಬ ತಿಳಿವಳಿಕೆಯೇ ಅವರ ಗುಟ್ಟು.

ಹಾಂಗ್‌ಕಾಂಗ್‌ನಿಂದ ಕ್ಯಾಲಿಫೋರ್ನಿಯಾಕ್ಕೆ

ಈ ಖಾದ್ಯದ ಮೂಲವನ್ನು ಹಾಂಗ್‌ಕಾಂಗ್‌ನ ಕ್ಯಾಂಟನೀಸ್ ಅಡುಗೆಮನೆಗಳಲ್ಲಿ ಗುರುತಿಸುವುದು ವಾಡಿಕೆ. 1997ರವರೆಗೆ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಆ ಬಂದರು ನಗರದಲ್ಲಿ ಪಾಶ್ಚಾತ್ಯರ ಡಬ್ಬಿ ಹಾಲು, ಬಾಟಲಿಯ ಮಯೋನೀಸ್ ಮುಂತಾದವು ಸ್ಥಳೀಯರ ಕೈಗೆ ಸಿಕ್ಕಿ ಹೊಸ ರೂಪ ಪಡೆದವು. ಅಮೆರಿಕದ ಗೇಲ್ ಬೋರ್ಡನ್ 1856ರಲ್ಲಿ ಪೇಟೆಂಟ್ ಪಡೆದ ಗಟ್ಟಿಹಾಲಿನ ವಿಧಾನವು ಶೀತಲೀಕರಣವಿಲ್ಲದ ಊರುಗಳಿಗೂ ಹಾಲನ್ನು ತಲುಪಿಸಿತ್ತು. ಹಾಂಗ್‌ಕಾಂಗ್‌ನ ಚಹಾದಂಗಡಿಗಳಿಗೆ ಡಬ್ಬಿ ಹಾಲು ಇಂದಿಗೂ ಅನಿವಾರ್ಯ. ಅದೇ ಡಬ್ಬಿ ಸೀಗಡಿಯ ತಟ್ಟೆಗೂ ಬಂದದ್ದರಲ್ಲಿ ಅಚ್ಚರಿಯಿಲ್ಲ.

ಕ್ಯಾಂಟನೀಸ್ ಭಾಷೆಯಲ್ಲಿ ಸೀಗಡಿಗೆ ‘ಹಾ’ ಎನ್ನುತ್ತಾರೆ. ಅದು ನಗುವಿನ ಸದ್ದಿನಂತೆ ಕೇಳುವುದರಿಂದ ಹೊಸವರ್ಷದ ಔತಣದಲ್ಲೂ ಮದುವೆಯ ಊಟದಲ್ಲೂ ಸೀಗಡಿ ಇರುವುದು ಶುಭವೆಂಬ ನಂಬಿಕೆ ಇದೆ. 1980 ಮತ್ತು 1990ರ ದಶಕಗಳಲ್ಲಿ ಹಾಂಗ್‌ಕಾಂಗ್‌ನಿಂದ ವಲಸೆ ಹೋದ ಅಡುಗೆಯವರೊಂದಿಗೆ ಈ ತಿನಿಸು ಅಮೆರಿಕದ ಪಶ್ಚಿಮ ಕರಾವಳಿಯ ಔತಣದ ಹೋಟೆಲುಗಳಿಗೆ ಬಂದಿತು. ಅಮೆರಿಕದ ವಾಣಿಜ್ಯ ಅಕ್ರೋಟು ಬೆಳೆಯ ಬಹುತೇಕ ಪಾಲು ಕ್ಯಾಲಿಫೋರ್ನಿಯಾದ್ದೇ ಆಗಿರುವುದು ಅದಕ್ಕೆ ಒದಗಿದ ಅನುಕೂಲ. 1983ರಲ್ಲಿ ಅದೇ ರಾಜ್ಯದ ಗ್ಲೆಂಡೇಲ್‌ನಲ್ಲಿ ಆರಂಭವಾದ ‘ಪಾಂಡಾ ಎಕ್ಸ್‌ಪ್ರೆಸ್’ ಹೋಟೆಲ್ ಸರಣಿಯು 2010ರಲ್ಲಿ ಇದನ್ನು ತನ್ನ ಪಟ್ಟಿಗೆ ಸೇರಿಸಿದ ಮೇಲೆ, ಔತಣದ ಖಾದ್ಯವು ಮಾಲ್‌ಗಳಲ್ಲಿ ಸಿಗುವ ತಿನಿಸಾಯಿತು. ಇದನ್ನು ‘ಅಸಲಿ ಚೀನೀ ಅಲ್ಲ’ ಎಂದು ತಳ್ಳಿಹಾಕುವವರಿದ್ದಾರೆ. ಮೆಣಸಿನಕಾಯಿಯೂ ಆಲೂಗಡ್ಡೆಯೂ ಹೊರಗಿನಿಂದ ಬಂದ ನಾಡಿನವರು ಆ ವಾದಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ಬೇಕಾಗುವ ಸಾಮಗ್ರಿ

ನಾಲ್ವರಿಗೆ ಸಾಕಾಗುವಷ್ಟು: ತಲೆ ಮತ್ತು ಸಿಪ್ಪೆ ತೆಗೆದ ದೊಡ್ಡ ಸೀಗಡಿ 500 ಗ್ರಾಂ, ಅಕ್ರೋಟು ತಿರುಳು 100 ಗ್ರಾಂ, ಸಕ್ಕರೆ 100 ಗ್ರಾಂ, ಮೊಟ್ಟೆ 2 (ಬಿಳಿ ಭಾಗ ಮಾತ್ರ), ಕಾರ್ನ್‌ಫ್ಲೋರ್ 100 ಗ್ರಾಂ, ಮಯೋನೀಸ್ 5 ದೊಡ್ಡ ಚಮಚ, ಜೇನುತುಪ್ಪ ಒಂದೂವರೆ ದೊಡ್ಡ ಚಮಚ, ಕಂಡೆನ್ಸ್ಡ್ ಮಿಲ್ಕ್ 1 ದೊಡ್ಡ ಚಮಚ, ನಿಂಬೆರಸ 2 ಸಣ್ಣ ಚಮಚ, ಅಡುಗೆ ಸೋಡಾ ಕಾಲು ಸಣ್ಣ ಚಮಚ, ಉಪ್ಪು, ಬಿಳಿ ಮೆಣಸಿನ ಪುಡಿ, ಕರಿಯಲು ವಾಸನೆಯಿಲ್ಲದ ಎಣ್ಣೆ. ಕಡಲೆಕಾಯಿ ಎಣ್ಣೆಯೂ ಆದೀತು, ತೆಂಗಿನೆಣ್ಣೆ ಬೇಡ. ಬಣ್ಣದ ಅಗತ್ಯ ಎಳ್ಳಷ್ಟೂ ಇಲ್ಲ. ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಬೇಕಾಗಿ ಬಂದುದನ್ನು ನೆನೆದರೆ ಇದೂ ಒಂದು ಗುಣವೇ.

ಅಕ್ರೋಟಿನಿಂದ ಆರಂಭ

ಅನೇಕರು ಅಕ್ರೋಟನ್ನು ಕೊನೆಯಲ್ಲಿ ಉದುರಿಸುವ ಅಲಂಕಾರವೆಂದು ಭಾವಿಸಿ ಅಂಗಡಿಯಿಂದ ತಂದಂತೆಯೇ ಹುರಿದು ಹಾಕುತ್ತಾರೆ. ಖಾದ್ಯದ ರುಚಿ ಕೆಡುವುದು ಅಲ್ಲಿಂದಲೇ. ತಿರುಳಿಗೆ ಅಂಟಿಕೊಂಡಿರುವ ಕಂದು ಬಣ್ಣದ ತೆಳು ಸಿಪ್ಪೆಯಲ್ಲಿ ಟ್ಯಾನಿನ್ ಎಂಬ ಅಂಶವಿದ್ದು, ಒಗರು ಅದರದ್ದು. ಸಿಹಿ ಸಾಸಿನ ಪಕ್ಕದಲ್ಲಿ ಆ ಒಗರು ಇನ್ನಷ್ಟು ಎದ್ದು ಕಾಣುತ್ತದೆ. ಆದ್ದರಿಂದ ತಿರುಳನ್ನು ಕುದಿಯುವ ನೀರಿಗೆ ಹಾಕಿ 5 ನಿಮಿಷ ಬೇಯಿಸಿ, ಚಹಾ ಡಿಕಾಕ್ಷನ್‌ನಂತೆ ಕಂದು ಬಣ್ಣಕ್ಕೆ ತಿರುಗಿದ ನೀರನ್ನು ಚೆಲ್ಲಬೇಕು. ಹೊಸ ನೀರಿನಲ್ಲಿ ಇನ್ನೊಮ್ಮೆ ಹೀಗೆಯೇ ಮಾಡಿದರೆ ಒಗರು ಬಹುಮಟ್ಟಿಗೆ ಇಳಿಯುತ್ತದೆ.

ಅನಂತರ ಸಕ್ಕರೆಗೆ ಅರ್ಧ ಲೋಟ ನೀರು ಸೇರಿಸಿ ಕುದಿಸಿ, ಬಸಿದ ತಿರುಳನ್ನು ಅದರೊಳಗೆ ಹಾಕಿ ಸಣ್ಣ ಉರಿಯಲ್ಲಿ 8ರಿಂದ 10 ನಿಮಿಷ ಬಿಡಬೇಕು. ಪಾಕ ಬೆರಳಿಗೆ ಅಂಟುವಂತಾಗಿ, ಎಳೆ ಬರುವ ಮುನ್ನವೇ ಒಲೆಯಿಂದ ಇಳಿಸುವುದು ಸೂಕ್ತ. ಎಳೆಪಾಕ ದಾಟಿದರೆ ಸಕ್ಕರೆ ಹರಳುಗಟ್ಟಿ ತಿರುಳಿನ ಮೇಲೆ ಬಿಳಿ ಪುಡಿಯಂತೆ ಕೂರುತ್ತದೆ. ಜಾಲರಿ ಸೌಟಿನಲ್ಲಿ ಎತ್ತಿ, ಪಾಕ ಪೂರ್ತಿ ತೊಟ್ಟಿಕ್ಕಿದ ಬಳಿಕ, ಮಧ್ಯಮ ಕಾವಿನ ಎಣ್ಣೆಗೆ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಪಾಕದ ನೀರಿನಂಶದಿಂದ ಎಣ್ಣೆ ಜೋರಾಗಿ ನೊರೆಯೇಳುವುದರಿಂದ ಬಾಣಲೆ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು, ಮಕ್ಕಳು ಹತ್ತಿರ ಸುಳಿಯಬಾರದು.

ಎರಡು-ಮೂರು ನಿಮಿಷಗಳಲ್ಲಿ ತಿರುಳು ಜೇನಿನ ಬಣ್ಣಕ್ಕೆ ಬರುತ್ತದೆ. ಆಗಲೇ ತೆಗೆಯಬೇಕು. ಹೊರಗಿಟ್ಟ ಮೇಲೂ ಒಳಗಿನ ಬಿಸಿಯಿಂದ ಬಣ್ಣ ಇನ್ನೊಂದು ಛಾಯೆ ಗಾಢವಾಗುವುದು ನಿಶ್ಚಿತ. ‘ಇನ್ನು ಅರ್ಧ ನಿಮಿಷ’ ಎಂದು ಕಾದವರಿಗೆ ಸಿಗುವುದು ಕಹಿ. ಎಣ್ಣೆ ಸವರಿದ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಬೇಕು. ಕಾಗದದ ಟಿಶ್ಯೂ ಮೇಲೆ ಹರಡಿದರೆ ಅಕ್ರೋಟಿನೊಂದಿಗೆ ಕಾಗದವನ್ನೂ ತಿನ್ನಬೇಕಾದೀತು.

ಖರೀದಿಯ ಬಗ್ಗೆಯೂ ಒಂದು ಮಾತು. ಭಾರತದ ಅಕ್ರೋಟಿನ ಬಹುಪಾಲು ಜಮ್ಮು–ಕಾಶ್ಮೀರದಲ್ಲಿ ಬೆಳೆಯುತ್ತದೆ, ಕ್ಯಾಲಿಫೋರ್ನಿಯಾ ಮತ್ತು ಚಿಲಿಯ ಮಾಲೂ ಬರುತ್ತದೆ. ಎಲ್ಲಿಯದಾದರೂ ಅದರ ಎಣ್ಣೆ ಬೇಗನೆ ಕಮಟುವ ಜಾತಿಯದು. ಮೂಸಿದಾಗ ಹಳೆಯ ಬಣ್ಣದ ಡಬ್ಬಿಯ ವಾಸನೆ ಬಂದರೆ ಯಾವ ಪಾಕವೂ ಅದನ್ನು ಮುಚ್ಚಲಾರದು.

ಸೀಗಡಿಯ ಆಯ್ಕೆ ಮತ್ತು ಸಿದ್ಧತೆ

ತುಳುವರ ಎಟ್ಟಿ, ಕೊಂಕಣಿಗರ ಸುಂಗಟ ಕರಾವಳಿಯ ಅಡುಗೆಮನೆಗೆ ಹೊಸತಲ್ಲ. ಆದರೆ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಅವಧಿಯಲ್ಲಿ ಕಡಲಿನ ತಾಜಾ ಸೀಗಡಿ ಅಪರೂಪ. ಆಗ ಪೇಟೆಯಲ್ಲಿ ಕಾಣುವುದು ಹೆಚ್ಚಾಗಿ ಕೊಳಗಳಲ್ಲಿ ಸಾಕಿದ ವನಾಮಿ ತಳಿ. ಭಾರತದಲ್ಲಿ ಇದರ ವಾಣಿಜ್ಯ ಕೃಷಿಗೆ 2009ರಲ್ಲಿ ಅನುಮತಿ ದೊರೆತಿದ್ದು, ಆಂಧ್ರಪ್ರದೇಶ ಮುಂಚೂಣಿಯಲ್ಲಿದೆ. ಈ ಖಾದ್ಯಕ್ಕೆ ವನಾಮಿ ಚೆನ್ನಾಗಿಯೇ ಒಗ್ಗುತ್ತದೆ. ತಲೆ ಸಹಿತ ಕಿಲೋಗೆ 30ರಿಂದ 40 ತೂಗುವ ಗಾತ್ರ ಉತ್ತಮ. ಸಣ್ಣವು ಕರಿಯುವಷ್ಟರಲ್ಲಿ ಒಣಗಿಬಿಡುತ್ತವೆ.

ಹೆಪ್ಪುಗಟ್ಟಿಸಿದ ಸೀಗಡಿಯನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳ ಅರೆಯಲ್ಲಿಟ್ಟು ಕರಗಿಸಬೇಕೇ ಹೊರತು ಬಿಸಿನೀರಿಗೆ ಹಾಕಬಾರದು. ಪೊಟ್ಟಣದ ತೂಕದಲ್ಲಿ ಮೇಲಿನ ಮಂಜಿನ ಲೇಪವೂ ಸೇರಿದೆಯೇ ಎಂದು ನೋಡುವುದೊಳಿತು. ಕೆಲವು ಪೊಟ್ಟಣಗಳಲ್ಲಿ ನೀರು ಹಿಡಿದಿಡಲು ಫಾಸ್ಫೇಟ್ ಬಳಸಿರುತ್ತಾರೆ. ಆ ನೀರು ಬಾಣಲೆಯಲ್ಲಿ ಹೊರಬಂದು ಲೇಪವನ್ನು ಮೆತ್ತಗಾಗಿಸುತ್ತದೆ.

ಬೆನ್ನಿನ ಉದ್ದಕ್ಕೂ ಸೀಳಿ ಕಪ್ಪು ನರ ತೆಗೆದ ಸೀಗಡಿಗೆ ಸೋಡಾ ಮತ್ತು ಅರ್ಧ ಚಮಚ ಉಪ್ಪು ಸವರಿ 15 ನಿಮಿಷ ಇಟ್ಟು, ತಣ್ಣೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಸೋಡಾದ ಕ್ಷಾರದಿಂದ ಮಾಂಸವು ತನ್ನ ರಸ ಹಿಡಿದಿಟ್ಟುಕೊಂಡು, ಕಚ್ಚಿದರೆ ಕರುಂ ಎನ್ನುವ ಗುಣ ಪಡೆಯುತ್ತದೆ. ಕ್ಯಾಂಟನೀಸ್ ಹೋಟೆಲುಗಳ ಸೀಗಡಿಗೆ ಆ ಗುಣ ಬರುವುದು ಹೀಗೆ. ತೊಳೆದ ಮೇಲೆ ಬಟ್ಟೆಯಲ್ಲಿ ಒತ್ತಿ ತೇವವನ್ನೆಲ್ಲ ಒರೆಸಬೇಕು. ಒದ್ದೆ ಸೀಗಡಿಗೆ ಗರಿಗರಿ ಲೇಪ ಹಿಡಿಯುವುದಿಲ್ಲ. ಬಳಿಕ ಚಿಟಿಕೆ ಉಪ್ಪು, ಮೆಣಸಿನ ಪುಡಿ ಮತ್ತು ಲಘುವಾಗಿ ಕಡೆದ ಮೊಟ್ಟೆಯ ಬಿಳಿ ಬೆರೆಸಿ, ಒಂದೊಂದನ್ನೂ ಒಣ ಕಾರ್ನ್‌ಫ್ಲೋರ್‌ನಲ್ಲಿ ಹೊರಳಿಸಿ, ಹೆಚ್ಚಿನ ಹಿಟ್ಟು ಕೊಡವಿ 5 ನಿಮಿಷ ಬಿಡಬೇಕು. ಮೈದಾ ಬಳಸಿದರೆ ಬಜ್ಜಿಯಂತಾಗುತ್ತದೆ.

ಸಾಸಿಗೆ ಒಲೆಯ ಹಂಗಿಲ್ಲ

ಮಯೋನೀಸ್, ಜೇನು, ಕಂಡೆನ್ಸ್ಡ್ ಮಿಲ್ಕ್ ಮತ್ತು ನಿಂಬೆರಸವನ್ನು ದೊಡ್ಡ ಬಟ್ಟಲಿನಲ್ಲಿ ಕಲಕಿದರೆ ಸಾಸ್ ಸಿದ್ಧ. ನಿಂಬೆಯ ಹುಳಿ ಹಾಲಿನ ಪ್ರೋಟೀನಿನೊಡನೆ ಕೂಡಿ ಮಿಶ್ರಣ ತಾನಾಗಿಯೇ ತುಸು ಗಟ್ಟಿಯಾಗುತ್ತದೆ. ಇದನ್ನು ಬಾಣಲೆಗೆ ಸುರಿದು ಕುದಿಸುವುದೇ ಮನೆಯಡುಗೆಯಲ್ಲಿ ಅತಿ ಹೆಚ್ಚು ಕಾಣುವ ತಪ್ಪು. ಮಯೋನೀಸ್ ಎಂಬುದು ಎಣ್ಣೆಯ ಅತಿಸೂಕ್ಷ್ಮ ಹನಿಗಳನ್ನು ಹುಳಿನೀರಿನಲ್ಲಿ ತೇಲಿಸಿ ಹಿಡಿದಿಟ್ಟ ಮಿಶ್ರಣ. ಹಾಗೆ ಹಿಡಿದಿಡುವುದು ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಮುಂತಾದ ಅಂಶಗಳು. ಕಾವು ಏರಿದಂತೆ ಹಿಡಿತ ತಪ್ಪಿ ಎಣ್ಣೆ ಬೇರೆಯಾಗುತ್ತದೆ, ಒಡೆದ ಸಾಸ್ ಮತ್ತೆ ಕೂಡುವುದಿಲ್ಲ. ಕರಿದ ಸೀಗಡಿಯ ಬಿಸಿಯಷ್ಟೇ ಇದಕ್ಕೆ ಸಾಕು.

ಭಾರತದ ಅಂಗಡಿಗಳಲ್ಲಿ ಧಾರಾಳವಾಗಿ ದೊರೆಯುವ ಮೊಟ್ಟೆರಹಿತ ಮಯೋನೀಸ್ ಹೆಚ್ಚಾಗಿ ಸಿಹಿಯ ಕಡೆಗೇ ವಾಲಿರುತ್ತದೆ. ಅದನ್ನು ಬಳಸುವವರು ಜೇನನ್ನು 1 ಚಮಚಕ್ಕೆ ಇಳಿಸಿ ನಿಂಬೆರಸವನ್ನು ತುಸು ಹೆಚ್ಚಿಸಬೇಕು. ಇಲ್ಲವಾದರೆ ತಟ್ಟೆಯ ಮೇಲಿರುವುದು ಪಾಯಸವೋ ಸೀಗಡಿಯೋ ಎಂಬ ಸಂದೇಹ ಮೂಡೀತು.

ಕರಿದು ಕಲಸುವ ಎರಡು ನಿಮಿಷ

ಎಣ್ಣೆ 175ರಿಂದ 180 ಡಿಗ್ರಿ ಸೆಲ್ಸಿಯಸ್ ಇರಬೇಕು. ಉಷ್ಣಮಾಪಕವಿಲ್ಲದಿದ್ದರೆ ಲೇಪದ ಚೂರೊಂದನ್ನು ಹಾಕಿ ನೋಡಬಹುದು. ಅದು ಕೂಡಲೇ ಗುಳ್ಳೆಯೆದ್ದು ಮೇಲಕ್ಕೆ ಬರಬೇಕು, ಕಪ್ಪಾಗಬಾರದು. ಒಮ್ಮೆಗೆ ಎಂಟು-ಹತ್ತಕ್ಕಿಂತ ಹೆಚ್ಚು ಸೀಗಡಿ ಬಿಟ್ಟರೆ ಎಣ್ಣೆ ತಣಿದು ಲೇಪ ಎಣ್ಣೆ ಕುಡಿಯುತ್ತದೆ. ಒಂದೂವರೆ ನಿಮಿಷ ಕರಿದು ತೆಗೆದು, ಎಲ್ಲವೂ ಮುಗಿದ ಮೇಲೆ ಉರಿ ಹೆಚ್ಚಿಸಿ ಮತ್ತೆ 30 ಸೆಕೆಂಡ್ ಕರಿಯುವುದು ಹೋಟೆಲಿನ ಕ್ರಮ. ಬೆಂದ ಸೀಗಡಿ ಇಂಗ್ಲಿಷಿನ ‘ಸಿ’ ಅಕ್ಷರದಂತೆ ಬಾಗಿರುತ್ತದೆ. ‘ಓ’ ಅಕ್ಷರದಂತೆ ಸುರುಟಿಕೊಂಡಿದ್ದರೆ ಅತಿಯಾಗಿ ಬೆಂದಿದೆ ಎಂದೇ ಅರ್ಥ.

ಎಣ್ಣೆ ಬಸಿದು ಅರ್ಧ ನಿಮಿಷದ ಬಳಿಕ ಸೀಗಡಿಯನ್ನು ಸಾಸಿನ ಬಟ್ಟಲಿಗೆ ಹಾಕಿ, ಲೇಪ ಕಳಚದಂತೆ ಮೇಲೆ ಕೆಳಗೆ ಮಾಡಿ, ತಟ್ಟೆಗೆ ಸುರಿದು ಅಕ್ರೋಟು ಹರಡಬೇಕು. ತಿನ್ನುವವರು ಅಷ್ಟರಲ್ಲಿ ಕುಳಿತಿರಬೇಕು. ಹತ್ತು ನಿಮಿಷ ತಡವಾದರೆ ಲೇಪ ಮೆತ್ತಗಾಗಲು ಶುರು. ಜೊತೆಗೆ ಬಿಳಿ ಅನ್ನ, ಹಬೆಯಲ್ಲಿ ಬೇಯಿಸಿದ ಬ್ರೊಕೋಲಿ ರೂಢಿ. ಸಸ್ಯಾಹಾರಿಗಳು ಸೀಗಡಿಯ ಬದಲು ಹೂಕೋಸನ್ನು, ಮೊಟ್ಟೆಯ ಬದಲು ಕಾರ್ನ್‌ಫ್ಲೋರ್ ಕಲಸಿದ ನೀರನ್ನು ಬಳಸಿ ಇದೇ ಕ್ರಮ ಅನುಸರಿಸಬಹುದು.

ಯಾರಿಗೆ ಬಡಿಸಬಾರದು

ಮನೆಯಲ್ಲಿಯೇ ಹಸಿ ಮೊಟ್ಟೆ ಕಡೆದು ಮಯೋನೀಸ್ ಮಾಡುವ ಉತ್ಸಾಹಕ್ಕೆ ಕಡಿವಾಣ ಅಗತ್ಯ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದಾಗಿದ್ದು, ಈ ಸಾಸನ್ನು ಬೇಯಿಸುವುದಿಲ್ಲವಾದ್ದರಿಂದ ಅದು ಸಾಯುವ ಅವಕಾಶವೂ ಇಲ್ಲ. ಹಸಿ ಮೊಟ್ಟೆಯ ಮಯೋನೀಸನ್ನು ಕೇರಳ 2023ರ ಜನವರಿಯಲ್ಲಿ ನಿಷೇಧಿಸಿತು. ತೆಲಂಗಾಣ 2024ರ ಅಕ್ಟೋಬರ್‌ನಲ್ಲಿ, ತಮಿಳುನಾಡು 2025ರ ಏಪ್ರಿಲ್‌ನಲ್ಲಿ ತಲಾ ಒಂದು ವರ್ಷದ ನಿಷೇಧ ಹೇರಿದವು. ಪಾಶ್ಚರೀಕರಿಸಿದ ಮೊಟ್ಟೆಯಿಂದ ತಯಾರಾದ ಅಥವಾ ಮೊಟ್ಟೆರಹಿತವಾದ ಬಾಟಲಿಯೇ ಸುರಕ್ಷಿತ. ತೆರೆದ ಬಾಟಲಿ ಫ್ರಿಜ್ಜಿನಲ್ಲಿರಬೇಕು.

ಅಲರ್ಜಿಯ ದೃಷ್ಟಿಯಿಂದ ಇಷ್ಟು ತೊಡಕಿನ ತಟ್ಟೆ ಇನ್ನೊಂದು ಸಿಗುವುದು ಕಷ್ಟ. ಸೀಗಡಿ, ಮೊಟ್ಟೆ, ಹಾಲು, ಅಕ್ರೋಟು ನಾಲ್ಕೂ ಅಲರ್ಜಿ ತರಬಲ್ಲ ಪ್ರಮುಖ ಆಹಾರಗಳ ಸಾಲಿನಲ್ಲಿವೆ. ಸೀಗಡಿ ಅಲರ್ಜಿಗೆ ಮುಖ್ಯ ಕಾರಣವಾದ ಟ್ರೋಪೋಮಯೋಸಿನ್ ಎಂಬ ಪ್ರೋಟೀನ್ ಕಾವಿಗೆ ಸುಲಭವಾಗಿ ಜಗ್ಗುವುದಿಲ್ಲ. ‘ಚೆನ್ನಾಗಿ ಕರಿದರೆ ಏನೂ ಆಗದು’ ಎಂಬ ಮಾತಿಗೆ ಆಧಾರವಿಲ್ಲ. ಸೀಗಡಿ ಕರಿದ ಎಣ್ಣೆಯಲ್ಲಿ ಅನಂತರ ಹಪ್ಪಳ ಕರಿದು ಅಲರ್ಜಿ ಇರುವ ಅತಿಥಿಗೆ ಕೊಟ್ಟರೂ ಅಪಾಯವೇ. ತುಟಿ ಊದಿಕೊಂಡು ಉಸಿರಾಟ ಕಷ್ಟವಾದರೆ ಮನೆಮದ್ದಿನಲ್ಲಿ ಸಮಯ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಆದ್ದರಿಂದ ಬಡಿಸುವ ಮುನ್ನ ಕೇಳುವುದರಲ್ಲಿ ಸಂಕೋಚ ಬೇಡ. ಜೇನುತುಪ್ಪವಿರುವ ಕಾರಣ ಒಂದು ವರ್ಷ ತುಂಬದ ಮಗುವಿಗೆ ಈ ಸಾಸನ್ನು ನೆಕ್ಕಿಸಲೂಬಾರದು.

ಉಳಿದದ್ದನ್ನು ಮರುದಿನಕ್ಕೆ ಇಡುವ ಯೋಚನೆಯಿದ್ದರೆ ಸಾಸ್ ಬೆರೆಸದ ಸೀಗಡಿಯನ್ನು ಮಾತ್ರ ಫ್ರಿಜ್ಜಿನಲ್ಲಿಟ್ಟು, ಓವನ್‌ನಲ್ಲಿ ಬಿಸಿ ಮಾಡಿ ಹೊಸದಾಗಿ ಕಲಸಬಹುದು. ಸಾಸ್ ಬೆರೆತದ್ದನ್ನು ಮೈಕ್ರೋವೇವ್‌ನಲ್ಲಿಟ್ಟರೆ ಎಣ್ಣೆ ಒಡೆಯುತ್ತದೆ. ಪಾಕದ ಅಕ್ರೋಟು ಮಾತ್ರ ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಗರಿಗರಿಯಾಗಿಯೇ ಉಳಿಯುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಅಷ್ಟು ದಿನ ಉಳಿಯುವುದು ಅನುಮಾನ.